ಜನಪದದ ಮಡಿಲಲ್ಲಿ ಮರುಹುಟ್ಟು ಪಡೆದ ಕಂಠ

ರಾಗಸಂಗೀತವೇ ಶ್ರೇಷ್ಠ, ಹಳ್ಳಿಯ ಹಾಡು ಅದಕ್ಕಿಂತ ಕೆಳಗಿನದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಹೇಗೋ ಬೇರೂರಿದೆ. ಮಗಳನ್ನು ಸಂಗೀತಶಾಲೆಗೆ ಕಳುಹಿಸುವ ತಂದೆತಾಯಿಗಳೇ ಅಜ್ಜಿಯ ಬೀಸುವ ಪದಕ್ಕೆ ಕಿವಿಗೊಡುವುದಿಲ್ಲ. ಈ ಭೇದವೆಷ್ಟು ಪೊಳ್ಳೆಂಬುದನ್ನು ಬೆಳಗಾವಿಯ ನೆಲದಲ್ಲಿ ಹುಟ್ಟಿದ ಮಹಾಗಾಯಕರೊಬ್ಬರ ಬಾಳೇ ತೋರಿಸಿಕೊಟ್ಟಿದೆ.

ಬೆಳಗಾವಿ ನಗರಕ್ಕೆ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರಯ್ಯ ಸಿದ್ಧರಾಮಯ್ಯ ಕೊಮಕಾಳಿಮಠರೇ ಮುಂದೆ ಕುಮಾರ ಗಂಧರ್ವರೆಂದು ಪ್ರಖ್ಯಾತರಾದರು. ತಂದೆಯವರೂ ಹಾಡುತ್ತಿದ್ದರು. ಗ್ರಾಮಫೋನಿನಲ್ಲಿ ಕೇಳಿದ ದೊಡ್ಡ ಗವಾಯಿಗಳ ಗಾಯನವನ್ನು ಬಾಲಕ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ‘ಕುಮಾರ ಗಂಧರ್ವ’ ಎಂಬುದು ಬಾಲ್ಯದಲ್ಲಿಯೇ ಮಠಾಧಿಪತಿಯೊಬ್ಬರಿಂದ ದೊರೆತ ಬಿರುದು. ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. ಯೌವನದಲ್ಲಿಯೇ ಕೀರ್ತಿ ಬಂದಿತು.

ಆದರೆ 1947ರ ಸುಮಾರಿಗೆ ಕ್ಷಯರೋಗ ಅವರನ್ನು ಹಿಡಿಯಿತು. ಒಣಹವೆಗಾಗಿ ಮಧ್ಯಪ್ರದೇಶದ ದೇವಾಸ್ ಊರನ್ನು ಸೇರಿದರು. ವೈದ್ಯರು ಹಾಡುವುದನ್ನೇ ನಿಷೇಧಿಸಿದರು. ಗಾಯಕನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾವುದು? ಪತ್ನಿ ಭಾನುಮತಿಯವರ ಶುಶ್ರೂಷೆಯಲ್ಲಿ ಐದಾರು ವರ್ಷ ಮೌನವಾಗಿ ಮಲಗಿದ್ದಾಗ, ಕಿಟಕಿಯಾಚೆಯಿಂದ ಮಾಳವದ ಹೆಂಗಳೆಯರ ಹಾಡುಗಳು ಕಿವಿಗೆ ಬೀಳುತ್ತಿದ್ದವು. ಜೋಗಿಗಳು ಹಾಡುವ ಕಬೀರರ ನಿರ್ಗುಣ ಪದಗಳೂ ಕೇಳುತ್ತಿದ್ದವು. ಬಾಯಿ ಮುಚ್ಚಿದ್ದರೂ ಕಿವಿ ಎಚ್ಚರವಾಗಿತ್ತು. ಮೂರು ನಾಲ್ಕು ಸ್ವರಗಳ ಆ ಸರಳ ಧಾಟಿಗಳಲ್ಲಿಯೇ ರಾಗಗಳ ಬೀಜವಿದೆಯೆಂದು ಅವರು ಮನಗಂಡರು.

ಸ್ಟ್ರೆಪ್ಟೊಮೈಸಿನ್ ಔಷಧದಿಂದ ಚೇತರಿಸಿಕೊಂಡು 1953ರಲ್ಲಿ ಮತ್ತೆ ವೇದಿಕೆಯೇರಿದರು. ಒಂದು ಶ್ವಾಸಕೋಶ ಬಲಗುಂದಿತ್ತು. ಹಳೆಯ ದೀರ್ಘ ಆಲಾಪದ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳ ಹೊಸ ಗಾಯನ ರೂಪುಗೊಂಡಿತು. ಮಾಳವದ ಹಾಡುಗಳನ್ನು ಸಂಗ್ರಹಿಸಿ ಸ್ವರಲಿಪಿಗಿಳಿಸಿದರು. ಆ ಧಾಟಿಗಳಿಂದ ಮಾಲವತಿ, ಲಗನ ಗಾಂಧಾರ, ಸಹೇಲಿ ತೋಡಿ ಮೊದಲಾದ ರಾಗಗಳನ್ನು ಕಟ್ಟಿದರು. ಮಳೆಗಾಲ, ಹೇಮಂತ, ವಸಂತಗಳ ಗೀತೆಗಳನ್ನು ಋತುವಿಗನುಗುಣವಾಗಿ ಜೋಡಿಸಿ ಕಾರ್ಯಕ್ರಮ ನೀಡಿದರು. 1990ರಲ್ಲಿ ಪದ್ಮವಿಭೂಷಣ ಸಂದಿತು. 1992ರ ಜನವರಿ 12ರಂದು ದೇವಾಸಿನಲ್ಲಿ ಅಗಲಿದರು. ಇಂದು ಬೆಳಗಾವಿಯ ರಂಗಮಂದಿರವೊಂದು ಅವರ ಹೆಸರನ್ನು ಹೊತ್ತಿದೆ.

ಹೆಸರಿಟ್ಟರೆ ಸಾಲದು, ಆ ಕಿವಿಯೂ ನಮಗೆ ಬೇಕು. ಪಕ್ಕದ ಖಾನಾಪುರ ತಾಲ್ಲೂಕನ್ನೇ ನೋಡಿರಿ: ಕಾಡು, ಮಳೆ, ಭತ್ತದ ಗದ್ದೆ; ಕನ್ನಡ, ಮರಾಠಿ, ಕೊಂಕಣಿ ನುಡಿಗಳ ಸಹಬಾಳ್ವೆ. ಇಂತಹ ನೆಲದಲ್ಲಿ ಹಾಡಿಗೆ ಬರವಿಲ್ಲ. ಆದರೆ ಬೀಸುಕಲ್ಲು ನಿಂತಂತೆ ಬೀಸುವ ಪದವೂ ನಿಲ್ಲುತ್ತಿದೆ. ಹಾಡುವ ಹಿರಿಯರೊಬ್ಬರು ಕಣ್ಮುಚ್ಚಿದರೆ, ಬೇರಾರಿಗೂ ಬಾರದ ಹಾಡುಗಳು ಅವರೊಡನೆಯೇ ಹೋಗುತ್ತವೆ.

ತಾಯಂದಿರೇ, ಮನೆಯ ಹಿರಿಯರನ್ನು ಒಂದು ಸಂಜೆ ಹಾಡಲು ಕೇಳಿರಿ. ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿಯೇ ಧ್ವನಿ ಮುದ್ರಿಸಿಕೊಳ್ಳಿರಿ. ಯಾವ ಹಬ್ಬದಲ್ಲಿ, ಯಾವ ಕೆಲಸದ ನಡುವೆ, ಯಾರಿಂದ ಕಲಿತ ಹಾಡೆಂಬುದನ್ನೂ ಬರೆದಿಡಿರಿ. ರೋಗಶಯ್ಯೆಯ ಮೇಲೆ ಮಲಗಿದ್ದ ಕಲಾವಿದರೊಬ್ಬರಿಗೆ ಹೊಸ ಬಾಳನ್ನು ಕೊಟ್ಟ ಹಾಡು, ಹೆಸರರಿಯದ ಹೆಂಗಳೆಯರದಾಗಿತ್ತು.