ಮೇವು ಕತ್ತರಿಸುವುದು ಮಧ್ಯಾಹ್ನಕ್ಕಿರಲಿ

ಕಿರುಗಾವಲು ಭಾಗದ ಹಾಲು ಉತ್ಪಾದಕ ಅಕ್ಕತಂಗಿಯರೆ,

ಸಂಜೆ ಆರರಿಂದ ಒಂಬತ್ತರವರೆಗೆ ನಿಮ್ಮ ಮನೆಯಲ್ಲಿ ಕರೆಂಟಿನಿಂದ ಏನೇನು ಓಡುತ್ತದೆ, ಒಮ್ಮೆ ಎಣಿಸಿ ನೋಡಿ. ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರ್, ಹಿಟ್ಟು ರುಬ್ಬುವ ಗ್ರೈಂಡರ್, ಟಿ.ವಿ. ಅಕ್ಕಪಕ್ಕದ ಮನೆಗಳಲ್ಲೂ ಇಷ್ಟೇ. ಡೇರಿಯಲ್ಲಿ ಹಾಲು ತಣಿಸುವ ಕೂಲರ್ ದುಡಿಯಬೇಕಾದದ್ದೂ ಅದೇ ಹೊತ್ತಿನಲ್ಲಿ.

ಆಗ ತಾನೇ ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ವೋಲ್ಟೇಜ್ ಕುಸಿದು ಕೂಲರ್ ನಿಂತರೆ ಜನರೇಟರ್ ಹಾಕಬೇಕು. ಆ ಡೀಸೆಲ್ ಖರ್ಚು ಸಂಘದ್ದು, ಅಂದರೆ ನಿಮ್ಮದೇ. ತಡವಾಗಿ ಹಾಲು ಒಡೆದರೆ ನಷ್ಟವೂ ನಿಮ್ಮದೇ.

"ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಇಲ್ವಲ್ಲ ಡಾಕ್ಟ್ರೇ, ಯಾವಾಗ ಹಾಕಿದರೇನು?" ಎಂದು ಕೇಳುವವರಿದ್ದಾರೆ. ಬಿಲ್ಲಿನ ಲೆಕ್ಕಕ್ಕೆ ಹೊತ್ತು ಮುಖ್ಯವಲ್ಲ, ನಿಜ. ಹಾಲಿನ ಲೆಕ್ಕಕ್ಕೆ ಮುಖ್ಯ.

1902ರಲ್ಲಿ ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ಅದಕ್ಕೆ ನೀರೇ ಮೂಲ. ಇಂದು ಹಗಲಿನ ಕರೆಂಟಿನಲ್ಲಿ ಬಿಸಿಲಿನ ಪಾಲು ದೊಡ್ಡದು. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಹೊತ್ತು ಮುಳುಗಿದರೆ ಅದು ಸೊನ್ನೆ. ಎಲ್ಲ ಮನೆಗಳೂ ಸ್ವಿಚ್ ಒತ್ತುವುದು ಆಗಲೇ.

ಆದ್ದರಿಂದ ನೀರಿನ ಟ್ಯಾಂಕ್ ತುಂಬಿಸುವುದು, ಹಿಟ್ಟು ರುಬ್ಬುವುದು, ಮೇವು ಕತ್ತರಿಸುವುದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಆಗಲಿ. ವೋಲ್ಟೇಜ್ ಕಡಿಮೆಯಿದ್ದಾಗ ಓಡಿಸಿದರೆ ಮೋಟಾರ್ ಕಾದು ಸುಟ್ಟುಹೋಗುತ್ತದೆ. ಮಬ್ಬು ಬೆಳಕಿನಲ್ಲಿ ಯಂತ್ರಕ್ಕೆ ಮೇವು ಕೊಡುವ ಕೈಗೂ ಅಪಾಯ. ಒಣಹುಲ್ಲನ್ನು ಎರಡು ಮೂರು ದಿನಕ್ಕಾಗುವಷ್ಟು ಕತ್ತರಿಸಿಡಬಹುದು. ಹಸಿಮೇವನ್ನು ಮಾತ್ರ ಆ ದಿನಕ್ಕೆ ಬೇಕಾದಷ್ಟೇ ಕತ್ತರಿಸಿ ನೆರಳಲ್ಲಿ ಹರಡಿ. ರಾಶಿ ಹಾಕಿದರೆ ಬಿಸಿಯೇರಿ ಕೆಡುತ್ತದೆ.

ಹಾಲು ಕರೆಯುವ ಹೊತ್ತನ್ನು ಮಾತ್ರ ಕರೆಂಟಿಗಾಗಿ ಹಿಂದೆ ಮುಂದೆ ಮಾಡಬೇಡಿ. ಕೆಚ್ಚಲಿಗೆ ಹೊತ್ತು ತಪ್ಪಬಾರದು. ಹಾಲು ಕರೆಯುವ ಯಂತ್ರ, ಕೊಟ್ಟಿಗೆಯ ದೀಪ ಧಾರಾಳವಾಗಿ ಉರಿಯಲಿ.

ಇನ್ನೊಂದು ಮಾತು. ಐದಕ್ಕೇ ಎದ್ದ ನಿಮಗೆ ಮಧ್ಯಾಹ್ನವೇ ಒಂದು ಗಳಿಗೆ ಒರಗುವ ಹೊತ್ತು. ಅದನ್ನೂ ಕಿತ್ತುಕೊಳ್ಳಲು ನಾನು ಹೇಳುತ್ತಿಲ್ಲ. ಮೇವಿನ ಯಂತ್ರದ ಮುಂದೆ ಮನೆಯ ಗಂಡಸರೇ ನಿಲ್ಲಲಿ. ಹಾಲಿನ ದುಡ್ಡು ಇಡೀ ಮನೆಗೆ ಬರುತ್ತದೆ, ಕೆಲಸವೂ ಹಂಚಿಕೆಯಾಗಲಿ.

ಒಂದು ಮನೆ ಬದಲಾದರೆ ವೋಲ್ಟೇಜ್ ಏರುವುದಿಲ್ಲ, ಬೀದಿಯೇ ಬದಲಾಗಬೇಕು. ಮುಂದಿನ ಸಂಘದ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿ.