ಕುದುರೆ ಕೊಳ್ಳುವ ಮುಂಚೆ ಒಂದ್ಸಲ ದನದ ಜಾತ್ರೆಗೆ ಹೋಗಿ ಬನ್ನಿ

ಕನಕಪುರ ರಸ್ತೆಯ ಆಚೀಚೆ ಫಾರ್ಮ್‌ಹೌಸ್ ಮಾಡಿಕೊಂಡವರಲ್ಲಿ ಈಗೀಗ ಕುದುರೆ ಹುಚ್ಚು ಹತ್ತಿದೆ. ತಪ್ಪೇನಿಲ್ಲ ಬಿಡಿ. ಜಾಗ ಇದ್ದು, ನೋಡಿಕೊಳ್ಳೋಕೆ ಜನ ಇದ್ದು, ಮಕ್ಕಳಿಗೆ ಸವಾರಿ ಇಷ್ಟ ಇದ್ದರೆ ಯಾಕೆ ಸಾಕಬಾರದು? ಆದರೆ ಮೊನ್ನೆ ಪರಿಚಯದವರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, "ಜರ್ಮನಿಯ ವಾರ್ಮ್‌ಬ್ಲಡ್ಡು, ಮೂರು ವರ್ಷದ್ದು. ಮಗಳಿಗೆ ಈವೆಂಟಿಂಗ್ ಕಲಿಸ್ಬೇಕು, ಇದನ್ನೇ ತರಿಸೋಣ ಅಂತಿದೀನಿ. ನೀವು ದನ ಕಟ್ಟಿದ ಮನೆಯವರು, ಹೇಗಿದೆ ಹೇಳಿ" ಅಂದರು. ಮಗಳಿಗೆ 14 ವರ್ಷ. ಸವಾರಿ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ ಆಗಿದೆಯಂತೆ.

ಬೇಡ ಅಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. ಯಾಕೆ ಬೇಡ ಅಂದೆ ಅನ್ನೋದನ್ನ ಇಲ್ಲಿ ಬರೀತೀನಿ, ಇದೇ ಯೋಚನೆಯಲ್ಲಿರೋ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗಬಹುದು.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಡ್ರೆಸಾಜ್‌ನಲ್ಲಿ ಮದುವೆ ಮನೆಯ ಹಿರಿಯರ ಹಾಗೆ ಗಂಭೀರವಾಗಿ ಹೆಜ್ಜೆ ಹಾಕಬೇಕು. ಕ್ರಾಸ್ ಕಂಟ್ರಿಯಲ್ಲಿ ಬಯಲು, ಹಳ್ಳ, ನೀರು, ಮರದ ದಿಮ್ಮಿ ಎಲ್ಲಾ ಹಾರಿಕೊಂಡು ಹೊತ್ತಿಗೆ ಸರಿಯಾಗಿ ಓಡಿ ಮುಗಿಸಬೇಕು. ಇಷ್ಟಾದ ಮೇಲೂ ಷೋ ಜಂಪಿಂಗ್‌ನಲ್ಲಿ ಮುಟ್ಟಿದರೆ ಬೀಳೋ ಕಂಬಗಳನ್ನ ಬೀಳಿಸದೆ ಹಾರಬೇಕು. ಅಂದರೆ ಶಾಂತ ಸ್ವಭಾವ, ದಮ್ಮು, ಗುಂಡಿಗೆ, ನಾಜೂಕು ಎಲ್ಲಾ ಒಂದೇ ಪ್ರಾಣಿಯಲ್ಲಿ ಬೇಕು. ವಾರ್ಮ್‌ಬ್ಲಡ್ ಅಂದರೆ ಮೈ ಬಿಸಿ ಇರೋ ಕುದುರೆ ಅಂತಲ್ಲ. ಗಾಡಿ ಎಳೆಯೋ, ಹೊಲ ಉಳೋ ಯುರೋಪಿನ ದಪ್ಪ ಕುದುರೆಗಳಿಗೆ ಥರೋಬ್ರೆಡ್, ಅರಬ್ಬಿ ರಕ್ತ ಬೆರೆಸಿ ಸವಾರಿಗೆ ಅಂತ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಗಳು. ಹಾನೋವರಿಯನ್, ಹೋಲ್‌ಸ್ಟೈನರ್, ಹೀಗೆ. ಜರ್ಮನಿಯ ಸೆಲ್ಲೆಯಲ್ಲಿ 1735ರಿಂದ ಈ ಕೆಲಸ ನಡೀತಿದೆ. ಹಾಗಾಗಿ ಕುದುರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದದ್ದು ಇಂಥದೇ ಒಂದು ಕುದುರೆ ಮೇಲೆ. ತಂಡಕ್ಕೂ ಬೆಳ್ಳಿ ಬಂತು. 1982ರ ದಿಲ್ಲಿ ಏಷ್ಯಾಡ್‌ನಲ್ಲಿ ರಘುವೀರ್ ಸಿಂಗ್ ಈವೆಂಟಿಂಗ್ ಚಿನ್ನ ಗೆದ್ದ ಮೇಲೆ, 36 ವರ್ಷ ನಮ್ಮ ದೇಶಕ್ಕೆ ಕುದುರೆ ಸವಾರಿಯಲ್ಲಿ ವೈಯಕ್ತಿಕ ಪದಕ ಅಂತ ಬಂದೇ ಇರಲಿಲ್ಲ. ಅದೇ ಕುದುರೆ, ಸೆನ್ಯೂರ್ ಮೆಡಿಕಾಟ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಫವಾದ್‌ನನ್ನ ಫೈನಲ್‌ವರೆಗೆ ಹೊತ್ತೊಯ್ದು 23ನೇ ಸ್ಥಾನ ಕೊಡಿಸಿತು.

ಎಲ್ಲರೂ ಈ ಕಥೆಯಿಂದ ಕಲಿತದ್ದು "ವಾರ್ಮ್‌ಬ್ಲಡ್ ತಂದರೆ ಪದಕ" ಅಂತ. ನನಗೆ ಕಂಡದ್ದು ಬೇರೆ. ಅದು 2006ರಲ್ಲಿ ಹುಟ್ಟಿದ ಕುದುರೆ. ಜಕಾರ್ತದಲ್ಲಿ ಅದಕ್ಕೆ 12 ವರ್ಷ, ಟೋಕಿಯೊದಲ್ಲಿ 15. ಫವಾದ್ ಕೈಗೆ ಬರೋ ಮುಂಚೆ ಅದರ ಮೇಲೆ ಕೂತಿದ್ದವರು ಬೆಟ್ಟಿನಾ ಹೋಯ್, ಒಲಿಂಪಿಕ್ಸ್ ಆಡಿದ ಸವಾರೆ. ಅಂದರೆ ಬಲಿತ ಕುದುರೆ, ಪಳಗಿದ ಕೈಯಲ್ಲಿ ತಯಾರಾದದ್ದು. ಮೂರು ವರ್ಷದ ಮರಿಯಲ್ಲ!

ನಮ್ಮ ಕಡೆ ಹಳ್ಳಿಕಾರ್ ಎತ್ತು ಪಳಗಿಸೋದನ್ನ ನೋಡಿದ್ದೀರಾ? ಹೊಸ ಹೋರಿಯನ್ನ ಯಾವತ್ತೂ ಇನ್ನೊಂದು ಹೊಸ ಹೋರಿ ಜೊತೆ ನೊಗಕ್ಕೆ ಕಟ್ಟಲ್ಲ. ಪಕ್ಕದಲ್ಲಿ ವಯಸ್ಸಾದ, ಕೆಲಸ ಬಲ್ಲ ಎತ್ತು ಇರಬೇಕು. ಹೊಸದು ಗಾಬರಿಯಾಗಿ ಎಳೆದಾಡಿದರೆ ಹಳೆಯದು ನಿಂತಲ್ಲೇ ನಿಂತಿರುತ್ತೆ, ಸಾಲು ತಪ್ಪಿದರೆ ಅದೇ ಭುಜ ಕೊಟ್ಟು ತಿದ್ದುತ್ತೆ. ಎರಡೂ ಹೊಸದಾದರೆ ಗಾಡಿ ಹಳ್ಳಕ್ಕೆ. ಒಂದೂವರೆ ವರ್ಷ ಸವಾರಿ ಮಾಡಿದ ಹುಡುಗಿ, ಬೆನ್ನ ಮೇಲೆ ಜೀನು ಏರಿಸಿ ಆರು ತಿಂಗಳಾಗದ ಕುದುರೆ, ಇಬ್ಬರನ್ನೂ ಕೂಡಿಸಿ ಹಾರಿ ಅಂತೀರಲ್ಲ ಸ್ವಾಮಿ, ಅಲ್ಲಿ ಹಳೆ ಎತ್ತು ಯಾರು? ಇಲ್ಲಿ ಹಳ್ಳಕ್ಕೆ ಬೀಳೋದು ಗಾಡಿಯಲ್ಲ, ಮಗು. ಕ್ರಾಸ್ ಕಂಟ್ರಿಯ ತಡೆಗಳು ಬೀಳೋ ಕಂಬಗಳಲ್ಲ, ಗಟ್ಟಿ ಮರ. ಕುದುರೆಯ ಮುಂಗಾಲು ಅದಕ್ಕೆ ತಗುಲಿ ಮಗುಚಿ ಸವಾರನ ಮೇಲೇ ಬಿದ್ದು ಜೀವ ಹೋಗಿರೋದು ಪಳಗಿದವರಿಗೂ ತಪ್ಪಿಲ್ಲ.

ಇರಲಿ, ಮನೆಯಲ್ಲಿ ಪಳಗಿದ ಸವಾರ ಒಬ್ಬರು ಇದಾರೆ, ಎಳೆಯದನ್ನೇ ತಂದು ತಯಾರು ಮಾಡ್ತೀವಿ ಅಂತ ಇಟ್ಟುಕೊಳ್ಳಿ. ಆಗ ಏನು ನೋಡಬೇಕು? ನಮ್ಮ ದೊಡ್ಡಪ್ಪ ಜಾತ್ರೆಗೆ ಹೊರಟವರಿಗೆ ಹೇಳ್ತಿದ್ದದ್ದು ಒಂದೇ ಮಾತು: "ಮಾರಿ ನೋಡಿ ತರಬ್ಯಾಡ ಕಣ್ಲಾ, ಕಾಲು ನೋಡಿ ತಾ." ಮಾರುವವನು ಕೊಂಬು ಸವರಿ, ಎಣ್ಣೆ ಹಚ್ಚಿ, ಕುಚ್ಚು ಕಟ್ಟಿ ನಿಲ್ಲಿಸಿರ್ತಾನೆ. ದೊಡ್ಡಪ್ಪ ಅದ್ಯಾವುದನ್ನೂ ನೋಡ್ತಿರಲಿಲ್ಲ. ಗೊರಸು ನೋಡೋರು, ಬಿರುಕಿದೆಯಾ, ಎರಡೂ ಸಮ ಇದೆಯಾ ಅಂತ. ಆಮೇಲೆ ಹಗ್ಗ ಸಡಿಲ ಬಿಟ್ಟು ನಡೆಸು ಅನ್ನೋರು. ಹಿಂದೆ ನಿಂತು, ಮುಂದೆ ನಿಂತು, ಪಕ್ಕಕ್ಕೆ ಬಂದು ನೋಡೋರು. ಹಿಂಗಾಲು ಮುಂಗಾಲಿನ ಹೆಜ್ಜೆಗುರುತು ದಾಟಿ ಬೀಳಬೇಕು, ನಡಿಗೆ ನೇರ ಇರಬೇಕು, ಕಾಲು ಒಳಕ್ಕೂ ಹೊರಕ್ಕೂ ಬೀಸಬಾರದು. ಇಷ್ಟಾದ ಮೇಲೇ ಬಾಯಿ ಬಿಡಿಸಿ ಎರಡಲ್ಲೋ ನಾಲ್ಕಲ್ಲೋ ಅಂತ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ.

ಯುರೋಪಿನಲ್ಲಿ ಎಳೆಯ ಕುದುರೆ ಆರಿಸುವವರು ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಮೊದಲು ನಡಿಗೆ. ಟ್ರಾಟ್ ಅನ್ನು ತರಬೇತಿಯಿಂದ ಎಷ್ಟೋ ಚೆಂದ ಮಾಡಬಹುದು, ಕೆಟ್ಟ ನಡಿಗೆಯನ್ನ ತಿದ್ದೋದು ಬಹಳ ಕಷ್ಟ. ಕ್ಯಾಂಟರ್ ಸಮತೂಕವಾಗಿರಬೇಕು, ಹಾರೋದು ಅದರಿಂದಲೇ. ಹೆಗಲು ಓರೆಯಾಗಿ ಮಲಗಿರಬೇಕು, ಕೀಲುಗಳು ಶುಭ್ರವಾಗಿರಬೇಕು. ತೀರಾ ಎತ್ತರದ, ಭಾರದ ಕುದುರೆ ಡ್ರೆಸಾಜ್‌ಗೆ ಚೆಂದ ಕಾಣುತ್ತೆ, ಆದರೆ ದೂರ ಓಡಿಸಿದಾಗ ಆ ಭಾರ ಎಲ್ಲಾ ಇಳಿಯೋದು ಕಾಲಿನ ಮೇಲೆ. ಅದೂ ನಮ್ಮ ರಾಮನಗರದ ಕಡೆ ಕಲ್ಲು ಕಲ್ಲಿನ ಗಟ್ಟಿ ನೆಲ, ಏಪ್ರಿಲ್ ಬಿಸಿಲು ಬೇರೆ. ಅದಕ್ಕೇ ಈವೆಂಟಿಂಗ್‌ಗೆ ಅಂತ ಆರಿಸುವಾಗ ವಾರ್ಮ್‌ಬ್ಲಡ್‌ನಲ್ಲೂ ಥರೋಬ್ರೆಡ್ ರಕ್ತ ಎಷ್ಟಿದೆ ಅಂತ ಕೇಳ್ತಾರೆ. (ಶೋಲೆಯ ಧನ್ನೋ ಇದೇ ಬಂಡೆಗಳ ನಡುವೆ ಓಡಿರಲಿಲ್ವಾ ಅಂತ ಕೇಳಬೇಡಿ. ಅದು 1975ರ ಸಿನಿಮಾ, ಓಡಿದ್ದು ಟಾಂಗಾ ಕುದುರೆ :) )

ಇನ್ನು ವಿಡಿಯೋ. ಮೂರು ವರ್ಷದ ಕುದುರೆಯನ್ನ ಸವಾರನಿಲ್ಲದೆ ಎರಡು ಗೋಡೆ ನಡುವೆ ಓಡಿಸಿ ಹಾರಿಸಿರ್ತಾರೆ, ಆಕಾಶಕ್ಕೆ ಜಿಗಿದ ಹಾಗೆ ಕಾಣುತ್ತೆ. ಅದು ಹಾರೋದನ್ನ ಬಿಡಿ, ಹಾರೋಕೆ ಮುಂಚೆ ಏನು ಮಾಡುತ್ತೆ ನೋಡಿ. ಕಿವಿ ಮುಂದೆ ಮಾಡಿ ತಡೆಯನ್ನ ನೋಡಿ ತಾನೇ ಹೋಗ್ತಿದೆಯಾ, ಇಲ್ಲಾ ಹಿಂದೆ ಚಾವಟಿ ಇದೆ ಅಂತ ಓಡ್ತಿದೆಯಾ? ಹೆದರೋದು ತಪ್ಪಲ್ಲ. ಹೆದರಿ, ನಿಂತು ನೋಡಿ, ಮತ್ತೆ ಹತ್ತಿರ ಹೋಗಿ ಮೂಸೋ ಕುದುರೆ ನನಗೆ ಇಷ್ಟ. ಹೆದರಿ ಹಗ್ಗ ಕಿತ್ತುಕೊಂಡು ಹೋಗೋದು ಬೇಡ.

ಸುಳಿ ವಿಷಯ ಹೇಳದಿದ್ದರೆ ನಮ್ಮೂರಿನವರು ಬೈತಾರೆ. ಎತ್ತಿಗಾಗಲಿ ಕುದುರೆಗಾಗಲಿ ಇಂಥ ಕಡೆ ಸುಳಿ ಇದ್ದರೆ ಮನೆಗೆ ಆಗಿಬರಲ್ಲ ಅಂತ ಒಳ್ಳೊಳ್ಳೆ ಪ್ರಾಣಿಗಳನ್ನ ಮೂರು ಕಾಸಿಗೆ ಬಿಟ್ಟುಕೊಟ್ಟಿರೋದು ನೋಡಿದೀನಿ. ನನ್ನ ಮಾತು ಕೇಳಿದರೆ, ಸುಳಿ ಕೆಟ್ಟದ್ದು ಅಂತ ಯಾರಾದರೂ ಬೆಲೆ ಇಳಿಸಿದ್ದರೆ ಆ ಪ್ರಾಣಿಯ ಕಾಲನ್ನ ಎರಡು ಸಲ ನೋಡಿ. ಪಾಸ್‌ಪೋರ್ಟಿನಲ್ಲಿ ದೊಡ್ಡ ಅಪ್ಪನ ಹೆಸರಿದೆ ಅಂತ ದುಡ್ಡು ಸುರಿಯೋದೂ ಒಂಥರಾ ಸುಳಿ ಶಾಸ್ತ್ರವೇ. ಹೆಸರು ಓಡಲ್ಲ, ಓಡೋದು ಕಾಲು.

ಹಾಗಾದರೆ ಆ ಹುಡುಗಿಗೆ ಏನು? ಮಾಗಡಿಯಿಂದ ಪಶ್ಚಿಮಕ್ಕೆ ಹೋದರೆ ಕುಣಿಗಲ್. ಟಿಪ್ಪು ಕಾಲದಿಂದ ಮೊದಲು ಸೈನ್ಯಕ್ಕೆ, ಆಮೇಲೆ ರೇಸಿಗೆ ಕುದುರೆ ಬೆಳೆಸಿದ ಊರು. ನಮ್ಮ ದೇಶದಲ್ಲಿ ಥರೋಬ್ರೆಡ್‌ಗಳನ್ನ ಎರಡು ವರ್ಷಕ್ಕೇ ರೇಸಿಗಿಳಿಸ್ತಾರೆ, ಐದಾರು ವರ್ಷ ಆಗೋದರೊಳಗೆ ಎಷ್ಟೋ ಕುದುರೆಗಳು ಯಾರಿಗೂ ಬೇಡ. ಬೆನ್ನುಮೂಳೆ ಪೂರ್ತಿ ಬಲಿಯೋಕೇ ಐದಾರು ವರ್ಷ ಬೇಕು, ಅಂದರೆ ಮೈ ತಯಾರಾಗೋ ಹೊತ್ತಿಗೆ ಇವನ್ನ ಆಚೆ ಹಾಕಿರ್ತಾರೆ! ಸವಾರಿ ಶಾಲೆಗಳಿಗೆ ಬಂದು, ಮತ್ತೆ ನಿಧಾನಕ್ಕೆ ಕಲಿತು, ಹತ್ತು ಹನ್ನೆರಡು ವರ್ಷದ ಶಾಂತ ಪ್ರಾಣಿಗಳಾಗಿರೋ ಇಂಥವು ಬೇಕಾದಷ್ಟಿವೆ. ಅಂಥದೊಂದು ಆ ಹುಡುಗಿಗೆ ಹಳೆ ಎತ್ತು. ರೇಸಿನಿಂದ ನೇರ ಬಂದದ್ದು ಮಾತ್ರ ಬೇಡ, ಅದಕ್ಕೆ ಗೊತ್ತಿರೋದು ಮುಂದಕ್ಕೆ ಓಡೋದು ಒಂದೇ. ತರುವ ಮುಂಚೆ ಮುಂಗಾಲಿನ ಹಿಂದಿನ ನರದ ಮೇಲೆ ಮೇಲಿಂದ ಕೆಳಗೆ ಕೈ ಆಡಿಸಿ. ಬಿಸಿ ಇದ್ದರೆ, ಊತ ಇದ್ದರೆ, ಎರಡು ಕಾಲಿಗೂ ವ್ಯತ್ಯಾಸ ಕಂಡರೆ ಬಿಟ್ಟುಬಿಡಿ. ಸರಿ ಕಂಡರೂ ಕುದುರೆ ಬಲ್ಲ ಡಾಕ್ಟರಿಂದ ಕಾಲಿನ ಎಕ್ಸ್‌ರೇ ತೆಗೆಸಿ, ಮಾರುವವರ ಡಾಕ್ಟರಿಂದ ಅಲ್ಲ.

ಅಂದ ಹಾಗೆ, ಕಣ್ಣು ಪಳಗಬೇಕು ಅಂದರೆ ಚನ್ನಪಟ್ಟಣದ ಹತ್ತಿರ ಕೆಂಗಲ್‌ನಲ್ಲಿ ಸಂಕ್ರಾಂತಿ ಆಸುಪಾಸಿಗೆ ಅಯ್ಯನಗುಡಿ ದನಗಳ ಜಾತ್ರೆ ಸೇರುತ್ತೆ. ಚೈತ್ರದಲ್ಲಿ ಮಾಗಡಿ ರಂಗನಾಥಸ್ವಾಮಿ ಜಾತ್ರೆ. ಮಗಳನ್ನೂ ಕರ್ಕೊಂಡು ಹೋಗಿ, ಏನೂ ಕೊಳ್ಳಬೇಡಿ, ಕೊಳ್ಳೋಕೆ ಬಂದ ಮುದುಕರ ಹಿಂದೆ ನಿಂತು ಅವರು ಎಲ್ಲಿ ನೋಡ್ತಾರೆ ಅಂತ ನೋಡಿ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ದನಗಳೆಲ್ಲ ಪೆಂಡಾಲಿನ ನೆರಳಲ್ಲಿ ಮಲಗಿರ್ತವೆ, ನಡಿಗೆ ಕಾಣಲ್ಲ.