ಪಟ್ಟಿ ಮೊದಲು, ವಿಲೀನ ಆಮೇಲೆ

ಬಸವೇಶ್ವರನಗರದ ನಮ್ಮ ಮನೆ ಮುಂದೆ ನಸುಕಿನಲ್ಲಿ ಕ್ಯಾಬ್ ನಿಂತರೆ, ಕೋ-ಪೈಲಟ್ ಮಗಳು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೊರಟಳೆಂದೇ ಅರ್ಥ. 2024ರಲ್ಲಿ ವಿಸ್ತಾರ ವಿಮಾನ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅವಳ ಗೆಳತಿಯರದ್ದೆಲ್ಲ ಒಂದೇ ಮಾತು: ಸೀನಿಯಾರಿಟಿ ಪಟ್ಟಿಯಲ್ಲಿ ಯಾರು ಮೇಲೆ? ಕ್ಯಾಪ್ಟನ್ ಆಗುವ ಸರದಿ, ದೊಡ್ಡ ವಿಮಾನ, ಎಲ್ಲವೂ ಅದರ ಮೇಲೇ ನಿಂತಿದೆ.

ಈ ಆತಂಕ ಹೊಸದಲ್ಲ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಒಂದಾದವು. ಪಟ್ಟಿಯ ಜಗಳ ಮಾತ್ರ ವರ್ಷಗಟ್ಟಲೆ ಎಳೆಯಿತು. ಡ್ರೀಮ್‌ಲೈನರ್ ವಿಮಾನದ ತರಬೇತಿ ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಸಿಗುವುದನ್ನು ವಿರೋಧಿಸಿ 2012ರಲ್ಲಿ ಹಳೆಯ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದರು. ಇನ್ನೊಂದು ಬಣ ವಿಮಾನ ಹಾರಿಸುತ್ತಲೇ ಇತ್ತು. ಎರಡೂ ಬಣಗಳ ಅಳಲೂ ನ್ಯಾಯವಾದದ್ದೇ. ಒಂದೇ ಕಾಕ್‌ಪಿಟ್‌ನಲ್ಲಿ ಕೂರಬೇಕಾದವರ ನಡುವೆ ಹಗೆ ಬಿತ್ತಿದ್ದು ಆಡಳಿತದ ವಿಳಂಬ. ಪೈಲಟ್‌ಗಳು ಒಪ್ಪಿದ ಪಟ್ಟಿಯಿಲ್ಲದೆ ಯಾವ ವಿಲೀನಕ್ಕೂ ಸರ್ಕಾರ ಅನುಮತಿ ಕೊಡಬಾರದು.